ತಾನೇ ಡಯಲ್ ಮಾಡುವ ಪೆಟ್ಟಿಗೆ

ಕಳಿಸುವ ಕಾಗದವಿದ್ದಾಗ ಮಾತ್ರ ಹೆಡ್ಡಾಫೀಸಿಗೆ ತಾನೇ ಫೋನು ಹಚ್ಚಿ, ಕಳಿಸಿ, ಇಟ್ಟುಬಿಡಬೇಕು. ಮಿಕ್ಕ ಹೊತ್ತು ತೆಪ್ಪಗಿರಬೇಕು. ರೂಟರೆಂಬ ಆ ಪೆಟ್ಟಿಗೆಯ ಕೆಲಸ ಇಷ್ಟೇ. ಆದರೆ ಬೀಗ ಮಾರುವ ಕಂಪನಿಯ ಆ ಶಾಖೆಯಲ್ಲಿ ಅದಕ್ಕೇನು ಬಡಿದಿತ್ತೋ, ಯಾರೂ ಏನೂ ಕಳಿಸದಿದ್ದರೂ ಐದು ನಿಮಿಷಕ್ಕೊಮ್ಮೆ ಕೀ ಎಂದು ಕಿರುಚಿ ಡಯಲ್ ಮಾಡುತ್ತಿತ್ತು.

ಅದನ್ನು ನೋಡಿಕೊಳ್ಳುವ ಆಸಾಮಿಗೆ ಆಫೀಸಿನವರಿಟ್ಟ ಹೆಸರು ತಂತಿ. ಆರು ವರ್ಷದಿಂದ ಹಂಗಾಮಿ ನೌಕರ. ಅತ್ತೆಯವರು ಬಂಧುಗಳಿಗೆ ಪರಿಚಯಿಸುವಾಗಲೂ "ಇನ್ನೂ ಖಾಯಂ ಆಗದೇ ಇರೋ ಅಳಿಯ" ಎಂದೇ ಹೇಳುತ್ತಿದ್ದರು.

ಅಂದು ಬೆಳಗ್ಗೆ ಮ್ಯಾನೇಜರು ಕರೆದರು. "ನೋಡಪ್ಪಾ, ದೊಡ್ಡ ಸಾಹೇಬ್ರು ಉರಿದು ಬಿದ್ದಿದಾರೆ. ಶಾಖೆಗಳ ಪೆಟ್ಟಿಗೆ ಕಾಟದಿಂದ ಹೆಡ್ಡಾಫೀಸ್ ಲೈನೇ ಸಿಗ್ತಿಲ್ವಂತೆ. ಸಂಜೆ ಐದರೊಳಗೆ ನಮ್ಮದು ನಿಲ್ಲಿಸು, ನಿನ್ನ ಖಾಯಂ ಕಾಗದಕ್ಕೆ ಸಹಿ ಆಗುತ್ತೆ. ಆಗಲಿಲ್ವೋ, ನಾಳೆಯಿಂದ ಬರಬೇಡ."

ಯಾವ ಕಂಪ್ಯೂಟರು ಪೆಟ್ಟಿಗೆಯನ್ನು ಕೆಣಕುತ್ತಿದೆಯೆಂದು ತಿಳಿಯಲು ತಂತಿ ಒಂದೊಂದನ್ನೇ ಆಫ್ ಮಾಡಿ ನೋಡತೊಡಗಿದ. ಮೊದಲು ಟೈಪಿಸ್ಟಮ್ಮನದು.

"ಅಯ್ಯೋ ನಿನ್ನ ಮನೆ ಹಾಳಾಗ! ಬೆಳಗ್ಗಿಂದ ಹೊಡೆದ ಪತ್ರ ಹೋಯ್ತಲ್ಲೋ!"

"ಪತ್ರ ಅಲ್ಲ, ಇಸ್ಪೀಟು," ಎಂದು ಕ್ಯಾಷಿಯರು ಮೂಗು ತೂರಿಸಿದರು. "ಅದ್ರಿಂದಾನೇ ಫೋನ್ ಹೋಗ್ತಿರೋದು, ಬರ್ಕೋ."

ಪೆಟ್ಟಿಗೆ ಕಿರುಚಿತು. ಕ್ಯಾಷಿಯರ ಕಂಪ್ಯೂಟರಿನದೆಂದು ತಂತಿ ಮೇಜಿನಡಿಯಿಂದ ಕಿತ್ತದ್ದು ಫ್ಯಾನಿನ ವಯರು. ಅವರು ಬೆವರೊರೆಸಿಕೊಳ್ಳುತ್ತಾ ಅವನ ಇಡೀ ವಂಶವನ್ನು ನೆನೆಸಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಮ್ಯಾನೇಜರದೂ ಸೇರಿ ಎಲ್ಲ ಕಂಪ್ಯೂಟರೂ ಆರಿ, ಆಫೀಸಿಗೆ ಆಫೀಸೇ ಕೈಕಟ್ಟಿ ಕೂತಿತು. ಪೆಟ್ಟಿಗೆ ಮತ್ತೆ ಡಯಲ್ ಮಾಡಿತು.

"ಯಾರೂ ಕೇಳದಿದ್ರೂ ಮಾತಾಡ್ತಾನೇ ಇರುತ್ತಲ್ಲ, ಥೇಟ್ ನಮ್ಮ ಮಾವನವರು," ಎಂದರು ಟೈಪಿಸ್ಟಮ್ಮ.

ತಂತಿಗೆ ನಗು ಬರಲಿಲ್ಲ. ಎಲ್ಲವೂ ಆರಿದ ಮೇಲೆ ಕಳಿಸುತ್ತಿರುವವರು ಯಾರು? ಪೆಟ್ಟಿಗೆಗೆ ಕೊಟ್ಟಿದ್ದ ಆಜ್ಞೆಗಳನ್ನು ಸಾಲುಸಾಲಾಗಿ ಓದಿದ. ಕೊನೆಯಲ್ಲಿ ಸಿಕ್ಕಿತು, ಸಾಹೇಬರ ಹುಕುಂನಂತೆ ಸೋಮವಾರ ಎಲ್ಲ ಶಾಖೆಯವರೂ ಸೇರಿಸಿದ್ದ ಸಾಲು: ಪ್ರತಿ ಕರೆ ಮುಗಿದ ಐದು ನಿಮಿಷಕ್ಕೆ ಹೆಡ್ಡಾಫೀಸಿಗೆ ವರದಿ ಕಳಿಸತಕ್ಕದ್ದು. ಅಂದರೆ ಕರೆ ಮುಗಿಯಿತೆಂದು ಹೇಳಲು ಪೆಟ್ಟಿಗೆ ಇನ್ನೊಂದು ಕರೆ ಮಾಡುತ್ತಿತ್ತು. ಆ ಕರೆ ಮುಗಿದದ್ದನ್ನು ಹೇಳಲು ಮತ್ತೊಂದು.

ತಂತಿ ಆ ಸಾಲನ್ನು ಅಳಿಸಿದ. ಪೆಟ್ಟಿಗೆ ಗಪ್‌ಚುಪ್. ಕಂಪ್ಯೂಟರುಗಳನ್ನೆಲ್ಲ ಹಚ್ಚಿದರೂ ಟೈಪಿಸ್ಟಮ್ಮ ಪತ್ರ ಕಳಿಸಿದಾಗ ಒಮ್ಮೆ ಡಯಲ್ ಮಾಡಿದ್ದು ಬಿಟ್ಟರೆ ಮೂರು ಗಂಟೆ ಕಾಲ ಉಸಿರೆತ್ತಲಿಲ್ಲ. ಕ್ಯಾಷಿಯರು ಸಹ "ಭೇಷ್ ಕಣಯ್ಯಾ" ಎಂದರು. ತಂತಿ ಹೆಂಡತಿಗೆ ಫೋನು ಮಾಡಿ, "ನಿಮ್ಮಮ್ಮನಿಗೆ ಹೇಳಿಬಿಡು" ಎಂದ. ಆರು ವರ್ಷದಲ್ಲಿ ಅಷ್ಟು ಖುಷಿ ಅವನಿಗೆ ಆಗಿರಲಿಲ್ಲ.

ಐದಕ್ಕೆ ಸಾಹೇಬರ ಫೋನು ಬಂತು. ಮ್ಯಾನೇಜರು ರಿಸೀವರನ್ನು ತಂತಿಯ ಕೈಗಿತ್ತು, ತಾವೂ ಕಿವಿ ತಂದಿಟ್ಟರು.

"ಮಿಕ್ಕ ಎಂಟೂ ಶಾಖೆಯಿಂದ ಐದು ನಿಮಿಷಕ್ಕೊಂದು ವರದಿ ಬರ್ತಿದೆ. ಎರಡು ಗಂಟೆಯಿಂದ ನಿಮ್ಮದೊಂದೂ ಇಲ್ಲ. ಏನಯ್ಯಾ ಮಾಡಿದೆ?"

"ಕರೆ ನಿಲ್ಲಿಸಿದೀನಿ ಸಾರ್. ಆ ವರದಿಯಿಂದಾನೇ..."

"ಅಂದ್ರೆ? ನನ್ನ ಆರ್ಡರಿಂದಾನೇ ತೊಂದರೆ ಅಂತೀಯಾ?"

ಮ್ಯಾನೇಜರು ಬೇಡ ಬೇಡವೆಂದು ಕೈಮುಗಿದರು. ತಂತಿ "ಇಲ್ಲ ಸಾರ್" ಎಂದ.

"ಹಾಗಾದ್ರೆ ನೀನೇ ಕೆಡಿಸಿದೀಯ. ನಾಳೆಯಿಂದ ಬರಬೇಡ." ಲೈನು ಕಟ್ಟಾಯಿತು.

ಯಾರೂ ತಂತಿಯ ಮುಖ ನೋಡಲಿಲ್ಲ. ಮ್ಯಾನೇಜರು ಮೆಲ್ಲಗೆ, "ಬೇಜಾರಾಗಬೇಡಪ್ಪಾ. ಹೋಗೋ ಮುಂಚೆ ಆ ಸಾಲು ಮೊದಲಿದ್ದ ಹಾಗೆ ಹಾಕಿಬಿಡು, ನನಗೂ ಮಕ್ಕಳುಮರಿ ಇವೆ" ಎಂದರು. ತಂತಿ ಹಾಕಿದ. ಹಲ್ಲು ಕಚ್ಚಿಕೊಂಡು, ಒಂದಕ್ಷರ ತಪ್ಪದೆ ಹಾಕಿದ. ಪೆಟ್ಟಿಗೆ ಕಿರುಚಿ ಡಯಲ್ ಮಾಡಿತು.

ಅವನು ಊಟದ ಡಬ್ಬಿ ಚೀಲಕ್ಕೆ ಹಾಕಿಕೊಳ್ಳುವಷ್ಟರಲ್ಲಿ ಮತ್ತೆ ಸಾಹೇಬರ ಫೋನು. ಅವರ ದನಿ ಬಾಗಿಲಿನವರೆಗೂ ಕೇಳುತ್ತಿತ್ತು.

"ವರದಿ ಬಂತು ಕಣ್ರೀ! ನೋಡಿದ್ರಾ, ಆ ಮನುಷ್ಯನ್ನ ತೆಗೆದ ಕೂಡಲೇ ಎಲ್ಲ ಸರಿಹೋಯ್ತು!"

"ಹೌದು ಸಾರ್," ಎಂದರು ಮ್ಯಾನೇಜರು.