ಬ್ಯಾಂಕ್ ಪರೀಕ್ಷೆಗೆ ಓದುವ ಗಾಯಕಿ

ತಾನೇ ಹಾಡು ಬರೆದು, ತಾನೇ ಮಟ್ಟು ಹಾಕಿ, ತಾನೇ ಹಾಡುವ ಹೆಣ್ಣುಮಗಳಿಗೆ ಬೇರೆ ಯಾವುದಕ್ಕೆ ಬರ ಬಂದರೂ ಪ್ರಸಂಗಗಳಿಗೆ ಬರವಿಲ್ಲ. ಅದರಲ್ಲೂ ಆಕೆ ಧಾರವಾಡ ಕಡೆಯವರ ಮಗಳಾಗಿ, ಗೋವಾದ ಮಡಗಾಂವ್‌ನಲ್ಲಿ ಬೆಳೆದು, ಸೋಲ್-ಪಾಪ್ ಎಂಬ ಸಂಗೀತವನ್ನು ಕಟ್ಟಿಕೊಂಡರೆ ಕೇಳುವುದೇ ಬೇಡ, ವಾರಕ್ಕೊಂದರಂತೆ ಮನೆ ಬಾಗಿಲಿಗೇ ಬರುತ್ತವೆ. ನನಗಿದ್ದದ್ದು ಒಂದೇ ಆಸೆ. ಅಪ್ಪ ಒಂದು ಸಲವಾದರೂ ನಾಲ್ಕು ಜನರೆದುರು ‘ನನ್ನ ಮಗಳು ಗಾಯಕಿ’ ಎನ್ನಬೇಕು. ಅಷ್ಟೇ.

ಓದು

ಅಪ್ಪ ಬಂದರಿನ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಆಗಿ ನಿವೃತ್ತರಾದವರು. ಸುಳ್ಳು ಹೇಳುವವರಲ್ಲ. ಆದರೆ ಮಗಳು ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಸಾಕು, “ಬ್ಯಾಂಕ್ ಪರೀಕ್ಷಾಕ್ಕ ಓದಾಕತ್ತಾಳ್ರಿ” ಎನ್ನುತ್ತಾರೆ. ನಾಲ್ಕು ವರ್ಷದಿಂದ ಓದುತ್ತಿದ್ದೇನೆ. ಆ ಪರೀಕ್ಷೆಯ ದಪ್ಪ ಪುಸ್ತಕ ನನ್ನ ಕೀಬೋರ್ಡ್ ಸ್ಟ್ಯಾಂಡಿನ ಒಂದು ಕಾಲಿನ ಕೆಳಗಿದೆ. ಕೀಬೋರ್ಡು ಅಲುಗಾಡುತ್ತದೆ ಎಂದು ಅಲ್ಲಿ ಇಟ್ಟವರೂ ಅಪ್ಪನೇ.

ಒಮ್ಮೆ ಮಡಗಾಂವ್ ಸ್ಟೇಷನ್ನಿನಲ್ಲಿ ಅವರ ಹಳೆಯ ಸಹೋದ್ಯೋಗಿಯೊಬ್ಬರು ಸಿಕ್ಕರು. ನನ್ನನ್ನು ನೋಡಿದ ಕೂಡಲೇ, ನಿಮ್ಮ ಮಗಳ ಹಾಡು ಮೊಬೈಲಿನಲ್ಲಿ ಕೇಳಿದೆ, ಧ್ವನಿ ಭಾಳ ಚಲೋ ಅದ ಎಂದರು. ನಾನು ಅಪ್ಪನ ಮುಖವನ್ನೇ ನೋಡುತ್ತ ನಿಂತೆ. ಈಗ ತಪ್ಪಿಸಿಕೊಳ್ಳಲು ದಾರಿಯಿಲ್ಲ ಅಂದುಕೊಂಡೆ.

“ಓದಿ ಓದಿ ಬ್ಯಾಸರಾದಾಗ ಒಂದು ಹಾಡ್ತಾಳ್ರಿ” ಎಂದರು ಅಪ್ಪ.

“ಅಲ್ರೀ, ಹತ್ತು ಹನ್ನೆರಡು ಹಾಡು ಅದಾವಲ್ಲ.”

ಅಪ್ಪ ಒಂದು ಕ್ಷಣ ರೈಲಿನ ದಾರಿ ನೋಡಿದರು. “ಭಾಳ ಓದ್ತಾಳ್ರಿ” ಎಂದರು.

ದೊಡ್ಡವರ ಪದ

ಸಾಂಖಳಿಯಲ್ಲಿರುವ ಸೋದರತ್ತೆಗೆ ನನ್ನ ಸಂಗೀತ ಎಂಥದ್ದು ಎಂದು ತಿಳಿಯಬೇಕಿತ್ತು. ನಾನು ಕೂತು ವಿವರಿಸಿದೆ. ಎದೆಯೊಳಗಿನ ಸಂಕಟವನ್ನು ಎಳೆದೆಳೆದು ಹಾಡಬೇಕು, ಹಿಂದೆ ನಾಲ್ಕು ಜನ ಅದೇ ಸಾಲನ್ನು ತಿರುಗಿ ಹಾಡಬೇಕು, ನಡುವೆ ಚಪ್ಪಾಳೆ, ಕೊನೆಕೊನೆಗೆ ಎಲ್ಲರೂ ಮೈಮರೆಯಬೇಕು.

“ಭಜನಿ ಅನ್ನು ಮತ್ತ. ಇಷ್ಟಕ್ಕ ಯಾಕ ಇಷ್ಟೊತ್ತು ಹೇಳಿದಿ?” ಎಂದಳು ಅತ್ತೆ.

ಮರುದಿನವೇ ತನ್ನ ಭಜನಾ ಮಂಡಳಿಗೆ ಕರೆದುಕೊಂಡು ಹೋದಳು. ತಪ್ಪಿಸಿಕೊಳ್ಳಲಾಗದೆ ‘ನೀ ಬಾರದೆ ಕಣ್ಣು ಮುಚ್ಚಲಾರೆ’ ಎಂಬ ನನ್ನ ಹೊಸ ಹಾಡು ಹಾಡಿದೆ. ನಿಜ ಹೇಳಬೇಕೆಂದರೆ ಅದು ಮೂರು ದಿನ ಮೆಸೇಜಿಗೆ ಉತ್ತರ ಕೊಡದ ಒಬ್ಬ ಹುಡುಗನ ಮೇಲೆ ಸಿಟ್ಟು ಬಂದು ಬರೆದದ್ದು. ಹೆಂಗಸರು ಎರಡನೇ ಸಾಲಿಗೇ ತಾಳ ಹಿಡಿದರು. ಅಂಥ ಹಿಮ್ಮೇಳ ನನಗೆ ಯಾವ ವೇದಿಕೆಯಲ್ಲೂ ಸಿಕ್ಕಿಲ್ಲ. ಇಬ್ಬರು ಕಣ್ಣೊರೆಸಿಕೊಂಡರು. ಒಬ್ಬ ಅಜ್ಜಿ ನನ್ನ ಕೈ ಹಿಡಿದು, ಇದು ಯಾವ ದಾಸರ ಪದ ಎಂದು ಕೇಳಿದಳು. ನಾನೇ ಬರೆದದ್ದು ಅಜ್ಜಿ ಎಂದೆ.

ಅಜ್ಜಿ ಸುತ್ತ ನೋಡಿ ದನಿ ತಗ್ಗಿಸಿದಳು. “ಹಂಗೆಲ್ಲಾ ಅನಬಾರದವಾ. ದೊಡ್ಡವರು ಹೇಳಿದ್ದು ನಮ್ದು ಅಂದ್ರ ಪಾಪ ಬರ್ತೈತಿ.”

ಪಾವಿನವನ ಪಾಲು

ಹೊಸ ಹಾಡುಗಳನ್ನು ನನ್ನ ಕೋಣೆಯಲ್ಲೇ ರೆಕಾರ್ಡ್ ಮಾಡಿದ್ದು. ಮಡಗಾಂವ್‌ನ ಗಿಟಾರಿನವ ಲ್ಯಾಪ್‌ಟಾಪು, ಮೈಕು ತಂದ. ಗೋಡೆಗೆ ದಪ್ಪ ಬಟ್ಟೆ ಹಾಕದಿದ್ದರೆ ದನಿ ಗುಂಯ್‌ಗುಡುತ್ತದೆ ಎಂದ. ಅಮ್ಮ ಟ್ರಂಕು ತೆಗೆದು, ಅಜ್ಜಿ ಹೊಲಿದ ಏಳು ಕೌದಿಗಳನ್ನು ನಾಲ್ಕೂ ಗೋಡೆಗೆ ನೇತುಹಾಕಿದಳು. ಮೇ ತಿಂಗಳು, ಫ್ಯಾನು ಹಾಕುವಂತಿಲ್ಲ. ನನ್ನ ದನಿಯಲ್ಲಿ ಎಂಥ ನೋವು ಎಂದು ಈಗ ಜನ ಬರೆಯುತ್ತಾರೆ. ಅದು ನೋವಲ್ಲ, ಸೆಕೆ.

ಅಮ್ಮ ಬೆಳಿಗ್ಗೆಯಿಂದ ಬಾಯಿ ಮೇಲೆ ಬೆರಳಿಟ್ಟುಕೊಂಡು ಬಾಗಿಲು ಕಾದಳು. ಕುಕ್ಕರ್ ಇಡಲಿಲ್ಲ, ಹಾಲಿನವನನ್ನು ಸನ್ನೆಯಲ್ಲೇ ಕಳಿಸಿದಳು. ಮರೆತದ್ದು ಸೈಕಲ್ಲಿನ ಮೇಲೆ ಪಾವು, ಅಂದರೆ ಗೋವಾದ ಬ್ರೆಡ್ಡು, ಮಾರುವವನನ್ನು. ನಾನು ಒಂದು ಸಾಲು ಮುಗಿಸಿ ಉಸಿರು ತೆಗೆದುಕೊಳ್ಳುವುದಕ್ಕೂ ಅವನು ಕಿಟಕಿಯ ಕೆಳಗೆ ಪೋಂಪೋಂ ಎಂದು ಹಾರ್ನ್ ಒತ್ತುವುದಕ್ಕೂ ಸರಿಹೋಯಿತು. ನಾನು ಅಳುವುದೊಂದು ಬಾಕಿ. ಗಿಟಾರಿನವ ಮಾತ್ರ, ತಾಳ ತಪ್ಪಿಲ್ಲ, ಇದನ್ನು ಇಡೋಣ ಎಂದ.

ಹಾಡು ಹೊರಗೆ ಬಂತು. ಜನ ಹೊಗಳಿದ್ದು ಆ ಪೋಂಪೋಂ ಒಂದನ್ನೇ. ಪಾವಿನವ ಈಗ ದಿನಾ ನಮ್ಮ ಗೇಟಿನಲ್ಲಿ ನಿಂತು, ನಮ್ಮ ಹಾಡು ಹೇಗೆ ನಡೆದಿದೆ ಎಂದು ಕೊಂಕಣಿಯಲ್ಲಿ ವಿಚಾರಿಸುತ್ತಾನೆ. ಅಪ್ಪನಿಗೂ ಹೆಮ್ಮೆ ಬಂತು. ಮನೆಗೆ ಬಂದವರಿಗೆಲ್ಲ ಆ ಹಾಡು ಕೇಳಿಸಿದರು.

“ಇದು ನಮ್ಮ ಪಾವಿನವನ ಹಾಡ್ರಿ. ನಡುವ ನನ್ನ ಮಗಳೂ ಸ್ವಲ್ಪ ಹಾಡ್ಯಾಳ.”

ಆಯಾರ

ಹೊಸ ಒಂಬತ್ತು ಹಾಡುಗಳನ್ನು ಮೊದಲ ಸಲ ವೇದಿಕೆಯಲ್ಲಿ ಹಾಡುವ ಕಾರ್ಯಕ್ರಮ, ಒಂದು ಭಾನುವಾರ ಸಂಜೆ, ಮಡಗಾಂವ್‌ನ ಒಂದು ಕೆಫೆಯ ಅಂಗಳದಲ್ಲಿತ್ತು. ಅಲ್ಲಿಗೆ ಬರುವವರು ಕಣ್ಣು ಮುಚ್ಚಿ, ಕೆಮ್ಮನ್ನೂ ತಡೆದುಕೊಂಡು ಕೇಳುವವರು. ಅಮ್ಮ ಅಪ್ಪನನ್ನು ಹೇಗೋ ಎಳೆದು ತಂದಿದ್ದಳು. ಅವರು ಕೊನೆಯ ಸಾಲಿನಲ್ಲಿ, ಬಾಗಿಲಿಗೆ ಹತ್ತಿರದ ಕುರ್ಚಿಯಲ್ಲಿ ಕೂತರು.

ನಾನು ಕರೆದವರು ಇನ್ನಿಬ್ಬರಿದ್ದರು. ಕೊರ್ತಾಲಿಮ್‌ನಲ್ಲಿ ಬಿಡಾರ ಮಾಡಿಕೊಂಡಿರುವ ವಿಜಯಪುರ ಕಡೆಯ ಗೌಂಡಿ ಮತ್ತು ಅವನ ಹೆಂಡತಿ. ನಮ್ಮ ಬಚ್ಚಲಿಗೆ ಟೈಲ್ಸ್ ಹಾಕುವಾಗ ಹದಿನೈದು ದಿನ ನನ್ನ ತಾಲೀಮು ಕೇಳಿ, ಒಂದು ದಿನವೂ ಬೇಸರ ಮಾಡಿಕೊಳ್ಳದ ಏಕೈಕ ಶ್ರೋತೃ ಅವನು.

ಎರಡನೇ ಹಾಡಿನ ನಡುವೆ, ಎಲ್ಲರೂ ಉಸಿರು ಬಿಗಿಹಿಡಿದಿದ್ದಾಗ, ಗಂಡ ಹೆಂಡತಿ ಎದ್ದು ನೇರ ವೇದಿಕೆಗೇ ಬಂದರು. ನನ್ನ ಕೈಯಲ್ಲಿ ಒಂದು ತೆಂಗಿನಕಾಯಿ, ಒಂದು ರವಿಕೆಯ ಖಣ ಇಟ್ಟರು. ಗಿಟಾರು ನಿಂತಿತು. ನಮ್ಮ ಕಡೆ ನಾಟಕದಲ್ಲಿ ಹಾಡು ಮೆಚ್ಚಿದರೆ ಹೀಗೆಯೇ, ನಡುವೆಯೇ ಆಯಾರ ಮಾಡುತ್ತಾರೆ. ಆದರೆ ಅದನ್ನು ಕೂಗಿ ಹೇಳದಿದ್ದರೆ ಕೊಟ್ಟರೂ ಕೊಟ್ಟಂತಲ್ಲ. ಗೌಂಡಿ ಮೈಕು ನೋಡಿದ, ನಾಚಿಕೊಂಡ, ಆಮೇಲೆ ಕೊನೆಯ ಸಾಲಿಗೆ ಕೇಳುವಂತೆ ಹೇಳಿದ: “ಸಾಹೇಬ್ರ, ನೀವಽ ಒಂದೀಟು ಕೂಗಿ ಹೇಳ್ರಿ.”

ಅಪ್ಪ ಹುಡುಗರಾಗಿದ್ದಾಗ ತಮ್ಮೂರ ನಾಟಕಗಳಲ್ಲಿ ಆಯಾರ ಕೂಗುತ್ತಿದ್ದವರು. ನಲವತ್ತೈದು ವರ್ಷದ ಮೇಲೆ ಕರೆ ಬಂದಿತ್ತು. ಎದ್ದು ಬಂದು ಮೈಕು ಹಿಡಿದರು, ಗಂಟಲು ಸರಿಮಾಡಿಕೊಂಡರು. ಕೂಗುವುದಕ್ಕೆ ಒಂದು ಪದ್ಧತಿ ಇದೆ. ಕೊಟ್ಟವರು ಯಾರು, ಕೊಟ್ಟದ್ದು ಏನು, ತೆಗೆದುಕೊಂಡವರು ಎಂಥ ಕಲಾವಿದರು, ಎಲ್ಲ ಹೇಳಬೇಕು.

“ಕೊರ್ತಾಲಿಮ್ಮಿನ ಗೌಂಡಿ ದಂಪತಿಗಳು ಒಂದು ಕಾಯಿ, ಒಂದು ಖಣ” ಎಂದರು. ಅಲ್ಲಿಗೆ ನಿಂತರು. ನನ್ನ ಕಡೆ ನೋಡಿದರು. ಈಗ ಬ್ಯಾಂಕ್ ಪರೀಕ್ಷೆಯ ಮಾತು ಬರುತ್ತದೆ ಎಂದು ನಾನು ಕಾಯಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

“ನನ್ನ ಮಗಳು, ಗಾಯಕಿ, ಈಕಿಯ ಹಾಡಿಗೆ ಮೆಚ್ಚಿ ಆಯಾರ ಮಾಡ್ಯಾರ.”

ನನಗೆ ಅಳು ಬಂತು. ಅಂಗಳಕ್ಕೆ ಅಂಗಳವೇ ಚಪ್ಪಾಳೆ ತಟ್ಟಿತು. ಅಲ್ಲಿಗೆ ಮುಗಿದಿದ್ದರೆ ಇದು ಹಾಸ್ಯ ಪ್ರಸಂಗವಾಗುತ್ತಿರಲಿಲ್ಲ.

ಕೆಫೆಯ ಜನ ಇದು ಈ ಸಂಗೀತದ ಪದ್ಧತಿಯೇ ಇರಬೇಕು ಎಂದುಕೊಂಡರು. ಸಾಲು ಹಚ್ಚಿದರು. ಒಬ್ಬ ತನ್ನ ಟೊಪ್ಪಿಗೆ ಕೊಟ್ಟ, ಒಬ್ಬಳು ತಂಪು ಕನ್ನಡಕ, ಒಬ್ಬರು ಅರ್ಧ ತಿಂದ ಕೇಕು, ಒಬ್ಬ ಅಜ್ಜ ಒಂದು ಬಾಟಲಿ ಫೆನಿ. ಅಪ್ಪ ಒಂದನ್ನೂ ಬಿಡದೆ, ಕನ್ನಡದಲ್ಲೊಮ್ಮೆ, ಹಿಂದಿಯಲ್ಲೊಮ್ಮೆ ಕೂಗಿದರು. ಫೆನಿಯನ್ನು ‘ತೀರ್ಥರೂಪದ ಕಾಣಿಕೆ’ ಎಂದರು. ಮೈಕು ನನ್ನ ಕೈಗೆ ತಿರುಗಿ ಬರುವ ಹೊತ್ತಿಗೆ ಕೆಫೆಯವರು ಕುರ್ಚಿ ಎತ್ತಿಡುತ್ತಿದ್ದರು. ಒಂಬತ್ತು ಹಾಡುಗಳಲ್ಲಿ ನಾನು ಹಾಡಿದ್ದು ಒಂದೂವರೆ.

ಮರುದಿನ ಪೇಟೆಯಲ್ಲಿ ಯಾರೋ ಅಪ್ಪನನ್ನು ಕೇಳಿದರು, ಮಗಳ ಬ್ಯಾಂಕ್ ಪರೀಕ್ಷೆ ಎಲ್ಲಿಗೆ ಬಂತು ಎಂದು. ನಾನು ಪಕ್ಕದಲ್ಲೇ ಇದ್ದೆ. ಅಪ್ಪ ನನ್ನ ಹೆಗಲ ಮೇಲೆ ಕೈ ಇಟ್ಟರು.

“ಪರೀಕ್ಷಾ ಬಿಟ್ಳ್ರಿ, ಈಗ ಗಾಯಕಿ ಅದಾಳ. ನನ್ನ ಕಾರ್ಯಕ್ರಮದಾಗ ನಡುನಡುವ ಹಾಡ್ತಾಳ್ರಿ.”