ಟೈಲರನ ಕತ್ತಿಗೆ ಮಾಲೀಷು

"ಇವತ್ತು ನಿಮ್ಮ ಕತ್ತನ್ನ ಬಲಕ್ಕೆ ತಿರುಗಿಸದೆ ಬಿಟ್ರೆ ನನ್ನ ಹೆಸರು ಬದಲಾಯಿಸಿ!" ಎಂದು ಟೈಲರನ ಹೆಂಡತಿ ಬಿಸಿ ಎಣ್ಣೆಯ ಬಟ್ಟಲು ಹಿಡಿದು ಸಾಕ್ಷಾತ್ ಧನ್ವಂತರಿಯಂತೆ ನಿಂತಳು.

ಬೆಳಗ್ಗೆ ಎದ್ದಾಗಿನಿಂದ ಟೈಲರನ ಕತ್ತು ಎಡಕ್ಕೆ ಹಿಡಿದುಕೊಂಡಿತ್ತು. ಸಂಜೆಗೆ ಮದುವೆ ಗಂಡು ಕೋಟು ಒಯ್ಯಲು ಬರುವವನಿದ್ದ. ಕೆನೆ ಬಣ್ಣದ ಕೋಟು; ಗುಂಡಿ ಹಾಕುವುದೊಂದೇ ಬಾಕಿ.

"ಬೇಡ ಕಣೇ, ಇರೋ ಕತ್ತೂ ಹೋದೀತು."

"ನಿಮಗೇನು ಗೊತ್ತು? ಮಾಲೀಷಲ್ಲಿ ಎಷ್ಟು ಬಗೆ ಅಂತ ಎದುರುಮನೆಯಾಕೆ ಎಲ್ಲಾ ಹೇಳಿದಾಳೆ. ತಿಕ್ಕಿದ್ರೆ ರಕ್ತ ಓಡುತ್ತೆ, ಒತ್ತಿದ್ರೆ ಗಂಟು ಬಿಡುತ್ತೆ, ನಾದಿದ್ರೆ ಬಿಗಿ ಸಡಿಲ ಆಗುತ್ತೆ, ತಟ್ಟಿದ್ರೆ ಸೊಗಸಾದ ನಿದ್ದೆ!"

"ಮಾತಲ್ಲಿ ದಿನಾ ನಾದ್ತಾನೇ ಇದೀಯಲ್ಲ, ಸಾಲದಾ?"

ಅವಳು ಕೇಳಲಿಲ್ಲ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅವನನ್ನು ಬೋರಲು ಮಲಗಿಸಿದಳು. ತನ್ನ ಕನ್ನಡಕಕ್ಕೆ ಎಣ್ಣೆ ಸಿಡಿಯದಿರಲೆಂದು ತೆಗೆದಿಟ್ಟಳು. ಕೈಗೆ ಸಿಕ್ಕಿದ ಹಳೇ ದುಪ್ಪಟಿಯಂಥದ್ದನ್ನು ಮಡಚಿ ಅವನ ಮುಖದಡಿ ತುರುಕಿದಳು. ಆಮೇಲೆ ತಿಕ್ಕಿದಳು, ಒತ್ತಿದಳು, ನಾದಿದಳು.

"ಅಯ್ಯಯ್ಯೋ, ಸತ್ತೆ!"

"ಅದು ನೋವಲ್ಲ ರೀ, ರಕ್ತ ಓಡ್ತಿರೋದು!"

ಎಣ್ಣೆ ಕತ್ತಿನಿಂದ ಕೆನ್ನೆಗೆ, ಕೆನ್ನೆಯಿಂದ ಮೂಗಿಗೆ ಇಳಿಯಿತು. ತಟ್ಟಲು ಶುರುಮಾಡಿದ್ದೇ ತಡ, ಟೈಲರ್ ಗೊರಕೆ ಹೊಡೆದ!

ಗೆದ್ದೆನೆಂದು ಅವಳು ಕೈ ಒರೆಸಿಕೊಂಡು ಕನ್ನಡಕ ಹಾಕಿಕೊಂಡಳು. ಗಂಡನ ಮುಖದಡಿಯಿಂದ ಒಂದು ತೋಳು ಜೋತಾಡುತ್ತಿತ್ತು. ದುಪ್ಪಟಿಗೆಲ್ಲಿಯ ತೋಳು? ಕೊಳೆ ತಾಗದಿರಲೆಂದು ಕೋಟಿನ ಒಳಮೈ ಹೊರಗೆ ಮಾಡಿಡುವುದು ಟೈಲರನ ಪದ್ಧತಿ! ಮೆಲ್ಲಗೆ ಎಳೆದು ತಿರುಗಿಸಿ ನೋಡಿದರೆ, ಎಣ್ಣೆ ಒಳಮೈ ದಾಟಿ ಇಳಿದು ಕೆನೆ ಬಣ್ಣದ ಎದೆಯ ಮೇಲೆ ಗಂಡನ ಮುಖ ಮೂಗಿನ ಸಮೇತ ಅಚ್ಚಾಗಿತ್ತು.

ಮುಖ ಬರೀ ಮೇಜಿಗೆ ತಾಗಿ ಅವನಿಗೆ ಎಚ್ಚರವಾಯಿತು. ಅವಳು ಕೋಟನ್ನು ಸರಕ್ಕನೆ ಅವನ ಬಲಗಡೆಯ ಕುರ್ಚಿಗೆ ಎಸೆದಳು. ಆ ಕಡೆ ಹೇಗೂ ತಿರುಗಲಾರ!

"ಕೋಟೆಲ್ಲೇ? ಗುಂಡಿ ಹಾಕ್ಬೇಕು."

"ಇಲ್ಲೇ ಎಲ್ಲೋ... ಎಡಗಡೆ ನೋಡಿ, ಎಡಗಡೆ!"

ಅವನು ಎದ್ದು ಕೂತು ಎಡಗಡೆಯೆಲ್ಲ ಹುಡುಕಿದ, ಕೋಟಿಲ್ಲ. ಲಟಕ್! ಕತ್ತು ಬೆಣ್ಣೆಯಂತೆ ಬಲಕ್ಕೆ ತಿರುಗಿತು.

"ಲೇ, ತಿರುಗ್ತು ಕಣೇ! ನಿನ್ನ ಕೈಗೆ ಬಂಗಾರದ ಬಳೆ..."

ಕುರ್ಚಿಯ ಮೇಲಿಂದ ಅವನದೇ ಮುಖ ಅವನನ್ನು ನೋಡುತ್ತಿತ್ತು.

ಅಷ್ಟರಲ್ಲೇ ಬಾಗಿಲಲ್ಲಿ ಮದುವೆ ಗಂಡು! "ಟೈಲರಣ್ಣ, ಕೋಟು ರೆಡಿನಾ?"

ಟೈಲರ್ ನಿಧಾನವಾಗಿ ಕತ್ತನ್ನು ಮೊದಲಿನಂತೆ ಎಡಕ್ಕೆ ತಂದು ನಿಲ್ಲಿಸಿದ.

"ನನ್ನ ಕತ್ತು ಆ ಕಡೆ ತಿರುಗಲ್ಲಪ್ಪ. ಅಲ್ಲಿರೋದಕ್ಕೆಲ್ಲ ನಮ್ಮ ಡಾಕ್ಟರಮ್ಮನ್ನೇ ಕೇಳು!"