ತೊಂಬತ್ತೆರಡು ಡಿಗ್ರಿಯ ಸಾಕ್ಷಿ

ಹೊಸ ಮಾನಿಟರ್ ಬಂದ ದಿನ ಸ್ಟುಡಿಯೋದಲ್ಲಿ ಎಲ್ಲವೂ ದೊಡ್ಡದಾಯಿತು, ಮೋಹನ್ ಕುಮಾರನ ಪ್ಯಾನೆಲ್ ಒಂದನ್ನು ಬಿಟ್ಟು. ಅದು ಮಾತ್ರ ಇದ್ದದ್ದಕ್ಕಿಂತ ಚಿಕ್ಕದಾಯಿತು.

ಉಲ್ಲಾಳ ಮುಖ್ಯರಸ್ತೆಯ ಮೊದಲ ಮಹಡಿಯಲ್ಲಿರುವ ಶ್ರೀ ಮುನೇಶ್ವರ ಡಿಜಿಟಲ್ಸ್‌ನಲ್ಲಿ ಮೋಹನ್ ಕುಮಾರ್ ಮದುವೆ ವಿಡಿಯೋಗಳ ಎಡಿಟರ್. ಅವನ ಕೋಣೆಗೆ ಕಿಟಕಿ ಇಲ್ಲ. ಬೆಳಕು ಬಿದ್ದರೆ ಸೀರೆಯ ಬಣ್ಣ ಸರಿಯಾಗಿ ತಿಳಿಯುವುದಿಲ್ಲವಂತೆ. ಬಾಗಿಲು ತೆರೆಯುವ ಹಾಗಿಲ್ಲ, ಬಸ್ಸಿನ ಹಾರನ್ನಿನಲ್ಲಿ ಮಂಗಳವಾದ್ಯ ಕೇಳುವುದಿಲ್ಲವಂತೆ. ಮೇಲೊಂದು ಫ್ಯಾನ್ ಇದೆ. ಅದು ಇದ್ದ ಬಿಸಿಗಾಳಿಯನ್ನೇ ಎಲ್ಲರಿಗೂ ಸಮನಾಗಿ ಹಂಚುತ್ತದೆ. ಏಪ್ರಿಲ್ ತಿಂಗಳಲ್ಲಿ, ಮದುವೆಯ ಸೀಸನ್ ನೆತ್ತಿಗೇರಿದಾಗ, ಆ ಕೋಣೆಯಲ್ಲಿ ಒಂದು ಕಂಪ್ಯೂಟರೂ ಒಬ್ಬ ಮನುಷ್ಯನೂ ಜೊತೆಯಾಗಿ ಬೇಯುತ್ತಾರೆ.

ಈ ಬೇಯುವಿಕೆಯ ಅರ್ಧ ಪಾಲನ್ನು ತೋರಿಸಲು ಮೋಹನ್ ಕುಮಾರ್ ಬಿಡುವಿನಲ್ಲಿ ಒಂದು ಪ್ಯಾನೆಲ್ ಮಾಡಿಕೊಂಡಿದ್ದ. ಪರದೆಯ ಮೂಲೆಯಲ್ಲಿ ಕಾರಿನ ಮೀಟರಿನ ಹಾಗೆ ಎರಡು ಗುಂಡನೆಯ ಚಿತ್ರ, ಅವುಗಳೊಳಗೆ ಅಂಕಿ. ಒಂದು ಕಂಪ್ಯೂಟರಿನ ಹೊಟ್ಟೆಯ ಬಿಸಿ, ಇನ್ನೊಂದು ಅದರ ಪುಟ್ಟ ಫ್ಯಾನಿನ ವೇಗ. ಬಿಸಿ ಹದವಾಗಿದ್ದರೆ ಅಂಕಿ ಹಸಿರು, ತೊಂಬತ್ತು ದಾಟಿದರೆ ಕೆಂಪು. ಹಳೆಯ ಮಾನಿಟರಿಗೆಂದು ಅಳತೆ ಹಿಡಿದು ಮಾಡಿದ್ದು. ಹೊಸದು ಫೋರ್ ಕೆ. ಹಳೆಯದರಲ್ಲಿ ಒಂದು ಚುಕ್ಕಿ ಇದ್ದ ಜಾಗದಲ್ಲಿ ಇದರಲ್ಲಿ ನಾಲ್ಕು. ಹಾಗಾಗಿ ಮದುಮಗಳ ಕಣ್ಣಿನ ಕಾಡಿಗೆ ಎಳೆ ಎಳೆಯಾಗಿ ಕಂಡಿತು, ಪ್ಯಾನೆಲ್ ಮಾತ್ರ ಕುಗ್ಗಿ ಅಂಚೆಚೀಟಿಯಷ್ಟಾಯಿತು.

ಇನ್ನೊಂದು ದಿನವಾಗಿದ್ದರೆ ಅವನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಹಿಂದಿನ ವಾರ ಕೆಂಗೇರಿ ಬಸ್ಸಿನಲ್ಲಿ ಅವನಿಗೆ ತಲೆ ತಿರುಗಿ, ಯಾರೋ ಕೂರಿಸಿ ನೀರು ಕುಡಿಸಿದ್ದರು. ಸಂಜೆ ಮನೆಗೆ ಹೋದರೆ ಮಗಳು ಸ್ಪಂದನ, "ಅಪ್ಪಾ, ಮೊದ್ಲು ಸ್ನಾನ, ಆಮೇಲೆ ಮುದ್ದು" ಎಂದು ಮೂಗು ಮುಚ್ಚಿಕೊಂಡು ಓಡುತ್ತಿದ್ದಳು. ಇದು ಅವನಿಗೆ ತಲೆ ತಿರುಗಿದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತ್ತು. ಅದಕ್ಕೇ ಈ ದಿನ ಬೆಳಿಗ್ಗೆ ಮಾಲೀಕ ಮುನಿರಾಜು ಹೊಸ ಮಾನಿಟರ್ ನೋಡಿ ಹಿಗ್ಗುತ್ತಿದ್ದಾಗ, ಇದೇ ಸಮಯ ಎಂದು ಬಾಯಿ ಬಿಟ್ಟ.

"ಸಾರ್, ಈ ರೂಮಿಗೊಂದು ಎ.ಸಿ. ಹಾಕ್ಸಿದ್ರೆ..."

"ಏಪ್ರಿಲ್ ಬಂದ್ರೆ ಶುರು ನೋಡು ನಿಂದು! ಬಿಸ್ಲು ಅಂದ್ರೇನಂತ ಗೊತ್ತೇನಪ್ಪ ನಿಂಗೆ? ಈ ಬಿಲ್ಡಿಂಗ್ ನಿಂತಿರೋ ಜಾಗದಾಗೆ ನಾನು ರಾಗಿ ಹೊಲದ ಕಳೆ ಕಿತ್ತಿದೀನಿ."

ಮುನಿರಾಜು ಕೆಟ್ಟವರಲ್ಲ. ಉಲ್ಲಾಳ ಇನ್ನೂ ಹಳ್ಳಿಯಾಗಿದ್ದಾಗ ಆರು ಎಕರೆ ಉತ್ತ ಮನೆತನ. ಹೊಲದ ಮೇಲೆ ಲೇಔಟ್ ಬಂತು, ಲೇಔಟಿನ ಮೇಲೆ ಸ್ಟುಡಿಯೋ ಬಂತು. ಮನಸ್ಸು ಮಾತ್ರ ಇನ್ನೂ ಹೊಲದಲ್ಲೇ ಇತ್ತು. ಪಾರ್ಟಿಗಳು ಮಾತುಕತೆಗೆ ಬಂದು ಕೂರುವ ಅವರ ಕ್ಯಾಬಿನ್ನಿನಲ್ಲಿ ಎ.ಸಿ. ಇತ್ತು. ಅದಕ್ಕೂ ಎಡಿಟಿಂಗ್ ಕೋಣೆಗೂ ನಡುವೆ ಇದ್ದದ್ದು ಒಂದೇ ಗೋಡೆ.

ಮೋಹನ್ ಕುಮಾರ್ ಆಗ ನೇರವಾಗಿ, ನನಗೆ ತಡೆಯಲಾಗುತ್ತಿಲ್ಲ ಸಾರ್, ಎಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ತನಗಾಗಿ ಏನನ್ನಾದರೂ ಕೇಳುವುದೆಂದರೆ ಅವನಿಗೆ ನಾಲಿಗೆ ಒಣಗುತ್ತಿತ್ತು. ಅಂಥವರು ನಮ್ಮಲ್ಲಿ ಬಹಳ ಜನ.

"ನಂಗಲ್ಲ ಸಾರ್... ಸಿಸ್ಟಮ್‌ಗೆ" ಎಂದುಬಿಟ್ಟ.

"ಸಿಸ್ಟಮ್‌ಗಾ?" ಮುನಿರಾಜು ತಿರುಗಿದರು. ಈಗ ಅವರ ದನಿಯೇ ಬೇರೆ. "ಅದ್ಕೇನಾಗೈತೆ?"

"ತೊಂಬತ್ತು ದಾಟ್ತಾ ಇದೆ ಸಾರ್, ಹೀಟು. ಇಲ್ಲಿ ಬರತ್ತೆ ನೋಡಿ, ಮೂಲೇಲಿ."

ಮುನಿರಾಜು ಕನ್ನಡಕ ಹಾಕಿಕೊಂಡು ಬಗ್ಗಿದರು, ಕನ್ನಡಕ ತೆಗೆದು ಬಗ್ಗಿದರು, ಕೊನೆಗೆ ಅಂಗಿಯ ತುದಿಯಿಂದ ಪರದೆಯ ಮೂಲೆಯನ್ನು ತಿಕ್ಕಿದರು.

"ಕೊಳೆ ಕಣೋ ಇದು. ಹೊಸ ಮಾನಿಟರು, ಒಂದಿನಕ್ಕೇ ಕೊಳೆ ಮಾಡಿದೀಯ."

"ಕೊಳೆ ಅಲ್ಲ ಸಾರ್, ಅದೇ ಅಂಕಿ."

"ನೋಡು, ನಾಕು ಗಂಟೆಗೆ ಅಮ್ಮನ್ನ ಕರ್ಕೊಂಡು ಬರ್ತೀನಿ, ಮಾನಿಟರ್ ಪೂಜೆ ಮಾಡ್ಸೋಕೆ. ಅಷ್ಟೊತ್ತಿಗೆ ಕಣ್ಣಿಗೆ ಕಾಣೋ ಹಂಗೆ ಮಾಡಿಡು. ನೀ ಹೇಳ್ದಷ್ಟು ಬಿಸಿ ಇದ್ರೆ ಇವತ್ತೇ ವ್ಯವಸ್ಥೆ ಮಾಡ್ತೀನಿ. ಮಾತಂದ್ರೆ ಮಾತು."

ಕೋಣೆಯ ಬಾಗಿಲಾಚೆ ಇಬ್ಬರು ಇದನ್ನು ಕೇಳಿಸಿಕೊಂಡಿದ್ದರು. ಕ್ಯಾಮೆರಾಮನ್ ಕಿಟ್ಟಿ, ಮತ್ತು ಆಲ್ಬಮ್ ಡಿಸೈನ್ ಮಾಡುವ ಶಶಿಕಲಾ. ಎ.ಸಿ. ಬಂದರೆ ತಮ್ಮ ಕುರ್ಚಿಗಳನ್ನೂ ಒಳಗೆ ತರಬಹುದು ಎಂಬ ಲೆಕ್ಕ ಇಬ್ಬರದ್ದೂ ಆಗಲೇ ಮುಗಿದಿತ್ತು. ಹಾಗಾಗಿ ಸಹಾಯಕ್ಕೆ ಕರೆಯುವ ಮೊದಲೇ ಬಂದರು.

"ಗುರು, ಇದೇನ್ ದೊಡ್ ವಿಷ್ಯ? ಸ್ಕೇಲಿಂಗ್ ಇನ್ನೂರು ಪರ್ಸೆಂಟ್ ಹಾಕು, ಮುಗೀತು" ಎಂದ ಕಿಟ್ಟಿ, ಮೌಸ್ ಕಿತ್ತುಕೊಂಡು ತಾನೇ ಹಾಕಿದ.

ಅಕ್ಷರಗಳು ಹಿಗ್ಗಿದವು. ಚಿತ್ರ ಹಿಗ್ಗಲಿಲ್ಲ, ಅಂಕಿಗಳ ಜಾಗವೂ ಹಿಗ್ಗಲಿಲ್ಲ. ಬಿಸಿಯ ಅಂಕಿ ದಪ್ಪಗಾಗಿ ಪಕ್ಕದ ಮನೆಗೆ ನುಗ್ಗಿ ಫ್ಯಾನಿನ ಮೇಲೆ ಕುಳಿತಿತು, ಫ್ಯಾನಿನ ವೇಗ ಪರದೆಯಾಚೆಗೆ ಜಾರಿತು. ನೋಡಿದವರಿಗೆ ಫ್ಯಾನ್ ತೊಂಬತ್ತೆರಡು ಡಿಗ್ರಿ ಜ್ವರದಿಂದ ನರಳುತ್ತಿರುವಂತೆ ಕಾಣುತ್ತಿತ್ತು.

"ಬಿಡಿ, ಇದು ಫೋಟೋ ಕೆಲ್ಸ, ನಿಮಗ್ಗೊತ್ತಾಗಲ್ಲ" ಎಂದು ಶಶಿಕಲಾ ಮುಂದೆ ಬಂದಳು. ಆಲ್ಬಮ್ಮಿನಲ್ಲಿ ಮದುಮಗನ ಎದೆ ಅಗಲಿಸಿ ಅಭ್ಯಾಸವಾದ ಕೈ. ಮೀಟರಿನ ಚಿತ್ರವನ್ನು ನಾಲ್ಕು ಮೂಲೆ ಹಿಡಿದು ಎಳೆದಳು. ಚಿತ್ರ ದೊಡ್ಡದಾಯಿತು, ಜೊತೆಗೆ ಮಂಜು ಮಂಜಾಯಿತು, ಗುಂಡಗಿದ್ದದ್ದು ಮೊಟ್ಟೆಯ ಆಕಾರಕ್ಕೆ ಬಂತು. ಅಂಕಿಗಳು ಇದ್ದಲ್ಲೇ ಉಳಿದು ಮೊಟ್ಟೆಯ ಹೊರಗೆ ಅನಾಥವಾಗಿ ನಿಂತವು.

"ಮಾನಿಟರನ್ನೇ ಹಳೇ ರೆಸಲ್ಯೂಶನ್‌ಗೆ ಇಳ್ಸು ಮಗಾ" ಎಂದ ಕಿಟ್ಟಿ, ಇಳಿಸಿಯೂಬಿಟ್ಟ. ಪ್ಯಾನೆಲ್ ಲಕ್ಷಣವಾಗಿ ಮೊದಲಿನಂತೆ ಕಂಡಿತು. ಅದೇ ಗಳಿಗೆಗೆ ಕಾಫಿ ಲೋಟ ಹಿಡಿದ ಮುನಿರಾಜು ಬಾಗಿಲಲ್ಲಿ ಇಣುಕಿದರು.

"ಏನ್ರೋ ಇದು? ಮದ್ವೆ ಹುಡುಗಿ ಮುಖ ಬೆಳಿಗ್ಗೆ ಕನ್ನಡೀಲಿ ನೋಡ್ದಂಗಿತ್ತು, ಈಗ ಕೆರೆ ನೀರಲ್ಲಿ ನೋಡ್ದಂಗೈತೆ! ಅಷ್ಟು ದುಡ್ಡು ಕೊಟ್ಟು ತಂದಿರೋದು ಹಳೇದ್ರ ಹಂಗೆ ಕಾಣ್ಲಿ ಅಂತನಾ?"

ಕಿಟ್ಟಿಗೆ ಆಗ ಇದ್ದಕ್ಕಿದ್ದಂತೆ ಕ್ಯಾಮೆರಾ ಲೆನ್ಸ್ ಒರೆಸುವುದು ನೆನಪಾಯಿತು. ಶಶಿಕಲಾಗೆ ಫೋನ್ ಬಂತು. ಬೈಗುಳ ತಿನ್ನಲು ಮೋಹನ್ ಕುಮಾರ್ ಒಬ್ಬನೇ ಉಳಿದ.

ಬಾಗಿಲು ಮುಚ್ಚಿಕೊಂಡು ಅವನು ಮೊದಲಿನಿಂದ ಶುರು ಮಾಡಿದ. ಅಡ್ಡದಾರಿ ಇರಲಿಲ್ಲ. ಮೀಟರುಗಳನ್ನು ದೊಡ್ಡ ಅಳತೆಯಲ್ಲಿ ಹೊಸದಾಗಿ ಬರೆಯಬೇಕು. ಪ್ರತಿ ಅಂಕಿಯ ಗಾತ್ರವನ್ನೂ ಎರಡರಷ್ಟು ಮಾಡಬೇಕು, ಅದು ಎಡದಿಂದ ಎಷ್ಟು ದೂರ, ಮೇಲಿನಿಂದ ಎಷ್ಟು ದೂರ ಎಂಬುದನ್ನೂ ಎರಡರಷ್ಟು ಮಾಡಬೇಕು. ಒಂದನ್ನು ಮರೆತರೂ ಎಲ್ಲ ಒಂದರ ಮೇಲೊಂದು. ಅದೇ ಹೊತ್ತಿಗೆ ಕಂಪ್ಯೂಟರಿನಲ್ಲಿ ಒಂದು ಮದುವೆ ರೆಂಡರ್ ಆಗುತ್ತಿತ್ತು, ಅಂದರೆ ಕತ್ತರಿಸಿ ಜೋಡಿಸಿದ ತುಣುಕುಗಳೆಲ್ಲ ಸೇರಿ ಒಂದೇ ವಿಡಿಯೋ ಆಗುತ್ತಿದ್ದವು; ಆ ಭಾರಕ್ಕೆ ಕಂಪ್ಯೂಟರ್ ಏದುಸಿರು ಬಿಡುತ್ತಿತ್ತು. ಅವನ ಬೆವರು ಮೂಗಿನ ತುದಿಯಿಂದ ಕೀಬೋರ್ಡಿನ ಮೇಲೆ ತೊಟ್ಟಿಕ್ಕುತ್ತಿತ್ತು. ಊಟದ ಡಬ್ಬಿ ತೆರೆಯಲೇ ಇಲ್ಲ.

ನಡುವೆ ಒಮ್ಮೆ ಅವನ ಕೈ ನಿಂತಿತು. ಈ ಕಬ್ಬಿಣದ ಡಬ್ಬದೊಳಗೆ ಎಲ್ಲೆಲ್ಲಿ ಎಷ್ಟು ಬಿಸಿ, ಯಾವ ಗಳಿಗೆಗೆ ಎಷ್ಟು ದಣಿವು, ಎಲ್ಲವೂ ಇವನಿಗೆ ಗೊತ್ತು. ಬಿಸಿ ಮಿತಿಮೀರಿದರೆ ಅದು ತಾನಾಗಿ ಕೆಲಸ ನಿಧಾನ ಮಾಡುತ್ತದೆ, ತೀರಾ ಆದರೆ ಆರಿಹೋಗುತ್ತದೆ. ಅದನ್ನು ಯಾರೂ ಸೋಮಾರಿ ಎನ್ನುವುದಿಲ್ಲ. ಮನುಷ್ಯನ ಹಣೆಯ ಮೇಲೂ ಹೀಗೊಂದು ಅಂಕಿ ಮೂಡುವಂತಿದ್ದರೆ ಎಷ್ಟು ಚೆನ್ನಾಗಿತ್ತು ಎನಿಸಿತು. ಬಾಯಿಬಿಟ್ಟು ಕೇಳುವ ಕಷ್ಟವೇ ಇರುತ್ತಿರಲಿಲ್ಲ. ನೋಡಿದವರೇ, ಅಯ್ಯೋ ಕೆಂಪಾಗಿದ್ದೀಯಲ್ಲ, ಕೂತ್ಕೋ ಎನ್ನುತ್ತಿದ್ದರು. ಹೀಗೆ ಯೋಚಿಸಿ ಅವನಿಗೆ ತನ್ನ ಮೇಲೇ ಸ್ವಲ್ಪ ಮರುಕ ಹುಟ್ಟಿತು. ಆ ಮರುಕದಲ್ಲಿ ಬಿಸಿಯ ಅಂಕಿಯನ್ನು ಎರಡರಷ್ಟಲ್ಲ, ಐದರಷ್ಟು ದೊಡ್ಡದು ಮಾಡಿದ.

ನಾಲ್ಕು ಗಂಟೆಗೆ ಇನ್ನೇನು ಸ್ವಲ್ಪವೇ ಇತ್ತು. ಪ್ಯಾನೆಲ್ ಸಿದ್ಧವಾಯಿತು. ತೊಂಬತ್ತೆರಡು! ಮಣೆಯಷ್ಟಗಲ, ಕೆಂಪು ಕೆಂಪಾಗಿ. ಕೋಣೆಯ ಬಾಗಿಲಿನಿಂದಲೇ ಓದಬಹುದಿತ್ತು. ಮೋಹನ್ ಕುಮಾರ್ ತೃಪ್ತಿಯಿಂದ ಬೆನ್ನು ಒರಗಿಸಿದ. ಆಗಲೇ ರೆಂಡರ್ ಮುಗಿಯಿತು. ಅಂಕಿ ಎಂಬತ್ತಕ್ಕೆ ಇಳಿಯಿತು, ಹಸಿರಾಯಿತು, ಎಪ್ಪತ್ತಾಯಿತು, ಅರವತ್ತಾಯಿತು.

ಹೊರಗೆ ಮೆಟ್ಟಿಲ ಮೇಲೆ ಮುನಿರಾಜುವಿನ ತಾಯಿ ಲಿಂಗಮ್ಮನ ಬಳೆಯ ಸದ್ದು.

"ಮಚ್ಚಾ, ಬಂದ್ರು!" ಎಂದು ಕಿಟ್ಟಿ ಕೂಗಿದ.

ಮೋಹನ್ ಕುಮಾರ್ ಅವಸರದಲ್ಲಿ ಅದೇ ಮದುವೆಯನ್ನು ಮತ್ತೆ ರೆಂಡರಿಗೆ ಹಾಕಿದ. ಬೇಕಿರಲಿಲ್ಲ. ಆ ದಂಪತಿಗಳಿಗೆ ಒಂದು ಸಲ ಮದುವೆಯಾದರೆ ಸಾಕಾಗಿತ್ತು. ಸಾಲದೆಂದು ಸಂಗೀತ ಸಮಾರಂಭ, ಆರತಕ್ಷತೆ ಎರಡರ ವಿಡಿಯೋಗಳನ್ನೂ ಜೊತೆಗೆ ಹೂಡಿದ. ಕಂಪ್ಯೂಟರ್ ಗೊರ್ರೆಂದಿತು. ಪಾಪ, ಅದಕ್ಕೆ ಅನ್ಯಾಯ ಮಾಡುತ್ತಿದ್ದೇನೆ ಎಂದು ಅವನಿಗೂ ಅನಿಸಿತು.

ಲಿಂಗಮ್ಮ ಮಾನಿಟರಿನ ಅಂಚಿಗೆ ಅರಿಶಿನ ಕುಂಕುಮ ಹಚ್ಚಿದರು, ಹೂ ಇಟ್ಟರು, ಊದುಬತ್ತಿ ಬೆಳಗಿದರು. ಇದ್ದ ಬಿಸಿಗೆ ಊದುಬತ್ತಿಯ ಹೊಗೆಯೂ ಸೇರಿತು. ಮುನಿರಾಜು ಕಣ್ಣುಮುಚ್ಚಿ ಕೈಮುಗಿದು, ಕಣ್ಣು ತೆರೆದು ನೋಡುತ್ತಾರೆ, ಎದುರಿಗೇ ಅಂಕಿ ಏರುತ್ತಿದೆ. ಎಂಬತ್ತೈದು. ಎಂಬತ್ತೊಂಬತ್ತು. ತೊಂಬತ್ತೆರಡು, ಕೆಂಪು.

"ಅಯ್ಯಯ್ಯೋ, ಇದೇನೋ ಇದು!"

"ಇದೇ ಸಾರ್, ನಾನು ಬೆಳಿಗ್ಗೆಯಿಂದ ಹೇಳ್ತಿರೋದು."

ಲಿಂಗಮ್ಮ ಮೇಜಿನ ಕೆಳಗಿದ್ದ ಸಿಪಿಯು ಡಬ್ಬದ ಬಳಿ ಕುಕ್ಕರಗಾಲಲ್ಲಿ ಕುಳಿತು, ಹಸುವಿನ ಮೈ ಸವರುವ ಹಾಗೆ ಅಂಗೈ ಇಟ್ಟರು. "ಅಯ್ಯೋ ನನ್ ಕಂದ, ಮೈ ಸುಡ್ತೈತಲ್ಲೋ ಮುನಿರಾಜ. ಹಿಂಗಾ ಬಿಸ್ಲಲ್ಲಿ ಕಟ್ಟಾಕಿ ದುಡ್ಸೋದು? ನಿಮ್ಮಪ್ಪ ಉಳೋ ಎತ್ತನ್ನ ಮಟಮಟ ಮಧ್ಯಾಹ್ನ ಯಾವತ್ತಾದ್ರೂ ಹೊಲದಾಗೆ ನಿಲ್ಸಿದ್ರಾ? ಮೂಕ ಪ್ರಾಣಿ, ಬಾಯಿಲ್ಲ ಅಂತ ಹಿಂಗ್ ಮಾಡ್ತೀರಾ?"

ಮುನಿರಾಜುವಿನ ಕಣ್ಣು ತೇವವಾಯಿತು. "ತಪ್ಪಾಯ್ತು ಕಣೋ ಮೋಹನ" ಎಂದರು. "ನೀ ಹೇಳ್ತಾನೇ ಇದ್ದೆ, ನಾನು ಕಿವಿಗೆ ಹಾಕ್ಕೊಳ್ಳಿಲ್ಲ. ಇವತ್ತು ಸಂಜೆ ಒಳಗೆ ಎ.ಸಿ. ಗಾಳಿ ಕುಡೀಬೇಕು. ಎಲೆಕ್ಟ್ರಿಷಿಯನ್ ಕರೀತೀನಿ."

ಅವರು ಹೊರಗೆ ಹೋದದ್ದೇ ತಡ, ಕಿಟ್ಟಿ ಮೋಹನ್ ಕುಮಾರನನ್ನು ಅಪ್ಪಿಕೊಂಡು, ಅಂಗಿ ಒದ್ದೆಯಿದ್ದದ್ದರಿಂದ ಕೂಡಲೇ ಬಿಟ್ಟ. ಶಶಿಕಲಾ ಕುರ್ಚಿ ತಂದು ಒಳಗಿಟ್ಟು, ಎಲ್ಲಿ ಕುಳಿತರೆ ಗಾಳಿ ನೇರವಾಗಿ ಬರುತ್ತದೆ ಎಂದು ಜಾಗ ಹುಡುಕಿದಳು. ಮೂವರಿಗೂ ಮೋಹನ್ ಕುಮಾರನೇ ಖಾರ ಬನ್ನು, ಕಾಫಿ ತರಿಸಿದ. ಮನೆಗೆ ಫೋನ್ ಮಾಡಿ ಸ್ಪಂದನಳಿಗೆ, "ನಾಳೆಯಿಂದ ಸ್ನಾನ ಆಮೇಲೆ, ಮುದ್ದು ಮೊದ್ಲು" ಎಂದ.

ಎಲೆಕ್ಟ್ರಿಷಿಯನ್ ಡ್ರಿಲ್ಲಿಂಗ್ ಮೆಷಿನ್ ಹಿಡಿದು ಬಂದ. ಕ್ಯಾಬಿನ್ನಿಗೂ ಈ ಕೋಣೆಗೂ ನಡುವಿನ ಗೋಡೆಯನ್ನು ತಟ್ಟಿ ನೋಡಿ, ಮೊಣಕಾಲೆತ್ತರದಲ್ಲಿ ಒಂದು ತೂತು ಕೊರೆದ.

"ಎ.ಸಿ. ಪೈಪು ಇಷ್ಟು ಕೆಳಗೆ ಬರತ್ತಾ?" ಎಂದ ಕಿಟ್ಟಿ.

"ಹೊಸ ಮಾಡೆಲ್ ಇರ್ಬೇಕು" ಎಂದಳು ಶಶಿಕಲಾ.

ಧೂಳು ಅಡಗಿದ ಮೇಲೆ ಮುನಿರಾಜು ಒಳಗೆ ಬಂದರು. ತಾವೇ ಬಗ್ಗಿ ಸಿಪಿಯು ಡಬ್ಬದ ವೈರುಗಳನ್ನು ಬಿಚ್ಚಿಸಿ, ಅದನ್ನು ಕರುವಿನಂತೆ ಎರಡೂ ಕೈಯಲ್ಲಿ ಎತ್ತಿಕೊಂಡು ನಡೆದರು. ಹಿಂದೆ ಲಿಂಗಮ್ಮ ಹೂವಿನೊಂದಿಗೆ. ಕ್ಯಾಬಿನ್ನಿನಲ್ಲಿ, ಎ.ಸಿ.ಯ ನೇರ ಕೆಳಗೆ, ಪಾರ್ಟಿಗಳು ಕೂರುವ ಸೋಫಾದ ಪಕ್ಕ ಅದಕ್ಕೊಂದು ಸ್ಟೂಲ್ ಹಾಕಿಸಿ ಕೂರಿಸಿದರು. ಉದ್ದನೆಯ ಕೇಬಲ್ಲುಗಳು ಗೋಡೆಯ ತೂತಿನಿಂದ ಈಚೆ ಬಂದು ಮಾನಿಟರಿಗೂ ಕೀಬೋರ್ಡಿಗೂ ಸೇರಿದವು. ಮಾನಿಟರ್ ಈಚೆ, ಕೀಬೋರ್ಡ್ ಈಚೆ, ಮೋಹನ್ ಕುಮಾರ್ ಈಚೆ.

"ಸಾರ್" ಎಂದ ಅವನು, ಒಣಗಿದ ನಾಲಿಗೆಯಿಂದ. "ರೂಮಿಗೆ ಎ.ಸಿ...?"

"ಇನ್ಯಾಕಪ್ಪ ದಂಡ? ಸಿಸ್ಟಮ್‌ಗೆ ತಾನೇ ಬಿಸಿ ಅಂದಿದ್ದು ನೀನು? ನಿಂಗಲ್ಲ ಅಂತ ನಿನ್ ಬಾಯಲ್ಲೇ ಹೇಳ್ದೆ. ಆನ್ ಮಾಡು, ನೋಡಾಣ."

ಆನ್ ಮಾಡಿದ. ಅದೇ ಮೂರು ವಿಡಿಯೋಗಳನ್ನು ಒಟ್ಟಿಗೆ ಹೂಡಿದರೂ ಅಂಕಿ ಎಪ್ಪತ್ತೊಂದರ ಮೇಲೆ ಹತ್ತಲಿಲ್ಲ. ಮಣೆಯಷ್ಟಗಲ ಅಂಕಿ, ಎಳೆ ಹುಲ್ಲಿನಂಥ ಹಸಿರು. ಮುನಿರಾಜು ಬಾಗಿಲಲ್ಲಿ ನಿಂತು ಸಂತೋಷದಿಂದ ನೋಡಿದರು. "ಇದನ್ನ ಹಿಂಗೇ ಇಟ್ಟಿರು. ಎಷ್ಟು ಚೆನ್ನಾಗಿ ಕಾಣ್ತೈತೆ! ಇನ್ಮೇಲೆ ಯಾರಾದ್ರೂ ಈ ರೂಮು ಬಿಸಿ ಅಂದ್ರೆ ಇದನ್ನೇ ತೋರ್ಸು."

ಶಶಿಕಲಾ ತನ್ನ ಕುರ್ಚಿಯನ್ನು ಸದ್ದಿಲ್ಲದೆ ಎತ್ತಿಕೊಂಡು ಹೋದಳು. ಕಿಟ್ಟಿ ಬನ್ನಿನ ಉಳಿದರ್ಧ ಬಾಯಿಗೆ ಹಾಕಿಕೊಂಡು, "ಬರ್ತೀನಿ ಗುರು" ಎಂದ.

ಎಲ್ಲರೂ ಹೋದ ಮೇಲೆ ಮೋಹನ್ ಕುಮಾರನ ಮೊಣಕಾಲಿಗೆ ಏನೋ ತಣ್ಣಗೆ ಸೋಕಿತು. ಬಗ್ಗಿ ನೋಡಿದ. ಗೋಡೆಯ ತೂತಿನಲ್ಲಿ ಕೇಬಲ್ಲುಗಳ ಸಂದಿಯಿಂದ ನೂಲಿನೆಳೆಯಷ್ಟು ಎ.ಸಿ. ಗಾಳಿ ಈಚೆ ಬರುತ್ತಿತ್ತು. ಅವನು ಅಕ್ಕಪಕ್ಕ ನೋಡಿ, ಕುರ್ಚಿಯಿಂದಿಳಿದು ನೆಲದ ಮೇಲೆ ಕುಳಿತು, ಕಣ್ಣುಮುಚ್ಚಿ ಮುಖವನ್ನು ತೂತಿಗೆ ಹಿಡಿದ. ಬೆಳಿಗ್ಗೆಯಿಂದ ಮೊದಲ ಸಲ ಹಾಯೆನಿಸಿತು.

ಗೋಡೆಯಾಚೆಯಿಂದ ಲಿಂಗಮ್ಮನ ದನಿ ಕೇಳಿಸಿತು. "ಮುನಿರಾಜ, ಈ ತೂತಿಂದ ತಂಪೆಲ್ಲ ಆಚೆ ಹೋಗ್ತೈತೆ ನೋಡೋ. ಪಾಪ, ಮೂಕ ಪ್ರಾಣಿಗೆ ಸಾಲ್ದೇ ಹೋಗತ್ತೆ."

ಎಲೆಕ್ಟ್ರಿಷಿಯನ್ ಇನ್ನೂ ಹೋಗಿರಲಿಲ್ಲ. ಆ ಕಡೆಯಿಂದ ಒಂದು ಹಿಡಿ ಬಿಳಿ ಸಿಮೆಂಟ್ ಬಂದು ತೂತಿಗೆ ಮೆತ್ತಿಕೊಂಡಿತು. ಸ್ವಲ್ಪ ಮೋಹನ್ ಕುಮಾರನ ಮೂಗಿಗೂ.